ಕುದುರೆಗೆ ರಾಶಿ ಕೇಳುವವರಿಗೆ, ಮತ್ತೊಮ್ಮೆ

ಏಪ್ರಿಲ್ ಬಂತೆಂದರೆ ಈ ಅಂಕಣಕ್ಕೆ ಹೊಟ್ಟೆನೋವು, ಗೊರಸಿನ ಬಾವು ಅಂತ ಬರುವ ಪ್ರಶ್ನೆಗಳು ಹಿಂದೆ ಸರಿಯುತ್ತವೆ. ಲಿವರ್‌ಪೂಲ್ ಪಕ್ಕದ ಏಂಟ್ರಿಯಲ್ಲಿ ಗ್ರಾಂಡ್ ನ್ಯಾಷನಲ್ ಅನ್ನುವ ಬೇಲಿ ಹಾರುವ ಕುದುರೆ ಓಟ ಇರುತ್ತದಲ್ಲ, ಅದರ ಗಲಾಟೆಯೇ ಜಾಸ್ತಿ. ನಾನು ಕುದುರೆ ಡಾಕ್ಟರು, ಜೋಯಿಸನಲ್ಲ. ಎಷ್ಟು ಹೇಳಿದರೂ ಜಾತಕದ ಪ್ರಶ್ನೆ ನಿಲ್ಲುವುದಿಲ್ಲ. ಹಾಗಾಗಿ ಈ ಸಲ ಅದನ್ನೇ ಮೊದಲು ಮುಗಿಸುತ್ತೇನೆ.

ಪ್ರಶ್ನೆ: ಡಾಕ್ಟ್ರೇ, ನಾನು ಮ್ಯಾಂಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದೇನೆ. ಆಫೀಸಿನವರೆಲ್ಲ ನ್ಯಾಷನಲ್‌ಗೆ ಹತ್ತು ಪೌಂಡ್ ಕಟ್ಟುತ್ತಾರೆ. ಹಿಂದೆ ಗೆದ್ದ ಕುದುರೆಗಳ ಹುಟ್ಟಿದ ದಿನ ಹುಡುಕಿ ನೋಡಿದೆ. ಮೀನ, ಮೇಷ, ವೃಷಭವೇ ಜಾಸ್ತಿ. ಸಿಂಹ, ತುಲಾ ಕಣ್ಣಿಗೇ ಬೀಳಲಿಲ್ಲ. ಇದರಲ್ಲಿ ಏನೋ ಇದೆ ಅಲ್ವಾ? ಮೇಷದ ಕುದುರೆಗೆ ಕಟ್ಟಲಾ?

ಏನೋ ಇದೆ, ಸರಿಯಾಗೇ ಗಮನಿಸಿದ್ದೀರಿ. ಆದರೆ ಅದು ಇರುವುದು ಹೆಣ್ಣು ಕುದುರೆಯ ಬೆದೆಯಲ್ಲಿ.

ಹಗಲು ಉದ್ದವಾಗುತ್ತಾ ಬಂದಂತೆ ಹೆಣ್ಣು ಕುದುರೆ ಬೆದೆಗೆ ಬರುತ್ತದೆ. ರೇಸ್ ಕುದುರೆ ಸಾಕುವವರು ಫೆಬ್ರವರಿ ಮಧ್ಯದಿಂದ ಜುಲೈವರೆಗೆ ಗಂಡಿನ ಹತ್ತಿರ ಬಿಡುತ್ತಾರೆ. ಗಬ್ಬ ಹನ್ನೊಂದು ತಿಂಗಳು. ಲೆಕ್ಕ ಹಾಕಿ: ಮರಿಗಳು ಹುಟ್ಟುವುದು ಜನವರಿಯಿಂದ ಜೂನ್ ಒಳಗೆ. ಸಿಂಹ, ಕನ್ಯಾ, ತುಲಾ, ವೃಶ್ಚಿಕದಲ್ಲಿ ಹುಟ್ಟುವುದೇ ಅಪರೂಪ, ಇನ್ನು ಗೆಲ್ಲುವುದೆಲ್ಲಿ? ಗೆದ್ದವು ಮೇಷವಾದರೆ ಬಿದ್ದವೂ ಮೇಷವೇ. ಕೊನೆಗೆ ಬಂದದ್ದರ ಹುಟ್ಟಿದ ದಿನ ಯಾರೂ ಹುಡುಕುವುದಿಲ್ಲ, ಅಷ್ಟೆ.

ಇನ್ನೊಂದು ವಿಷಯವಿದೆ. ಭೂಮಿಯ ಉತ್ತರಾರ್ಧದಲ್ಲಿ ರೇಸ್ ಕುದುರೆಗಳಿಗೆಲ್ಲ ಜನವರಿ 1ಕ್ಕೇ ಒಂದು ವರ್ಷ ಏರುತ್ತದೆ. ಡಿಸೆಂಬರ್ 31ರಂದು ಹುಟ್ಟಿದ ಮರಿಗೆ ಮಾರನೇ ದಿನ ಕಾಗದದ ಮೇಲೆ ಒಂದು ವರ್ಷ! ಅದಕ್ಕೇ ವರ್ಷದ ಶುರುವಿನಲ್ಲೇ ಮರಿ ಬೇಕೆನ್ನುವವರು ಅದಕ್ಕೂ ಒಂದು ವರ್ಷ ಹಿಂದಿನ ಡಿಸೆಂಬರ್‌ನಿಂದಲೇ ಲಾಯದಲ್ಲಿ ದೀಪ ಹಾಕಿ ದಿನಕ್ಕೆ 16 ಗಂಟೆ ಬೆಳಕು ಕೊಡುತ್ತಾರೆ. ಚಳಿಗಾಲ ಕಳೆಯಿತೆಂದು ದೇಹ ಮೋಸಹೋಗಿ ಬೇಗ ಬೆದೆಗೆ ಬರುತ್ತದೆ. ಎಷ್ಟೋ ಕುದುರೆಗಳ ರಾಶಿಯನ್ನು ನಿರ್ಧರಿಸಿದ್ದು ಲಾಯದ ಬಲ್ಬು.

ಆ ಜನವರಿ 1ನ್ನೇ ಹಿಡಿದರೆ ಅಲ್ಲಿನ ಪತ್ರಿಕೆಯ ಭವಿಷ್ಯದ ಪ್ರಕಾರ ಓಡುವ ಅಷ್ಟೂ ಕುದುರೆ ಮಕರ. ನಮ್ಮ ಪಂಚಾಂಗದಲ್ಲಿ ಆ ದಿನ ಸೂರ್ಯ ಧನುವಿನಲ್ಲಿ. ಧನುವಿನ ಚಿತ್ರಕ್ಕೆ ಸೊಂಟದ ಕೆಳಗೆ ಕುದುರೆಯ ದೇಹ ಇರುವುದರಿಂದ ಇದೇ ವಾಸಿ ಎನ್ನಬಹುದು. ನಿಜವಾದ ದಿನ ಹಿಡಿದರೂ ಜಗಳ ತಪ್ಪಿದ್ದಲ್ಲ. 1973, 1974, 1977ರಲ್ಲಿ ಗೆದ್ದ ರೆಡ್ ರಮ್ ಹುಟ್ಟಿದ್ದು 1965ರ ಮೇ 3. ಅಲ್ಲಿನವರಿಗೆ ಅದು ವೃಷಭ, ನಮ್ಮ ಲೆಕ್ಕದಲ್ಲಿ ಸೂರ್ಯ ಇನ್ನೂ ಮೇಷದಲ್ಲಿ. ಯಾವುದಕ್ಕೆ ಕಟ್ಟುತ್ತೀರಿ?

ಚಂದ್ರರಾಶಿ, ಲಗ್ನ ಅಂತ ಹೊರಟರೆ ಹುಟ್ಟಿದ ಗಳಿಗೆ ಬೇಕು. ಕುದುರೆಯ ಪಾಸ್‌ಪೋರ್ಟಿನಲ್ಲಿ ತಾರೀಕು, ಬಣ್ಣ, ಮಚ್ಚೆ, ಚಿಪ್ ನಂಬರ್ ಇರುತ್ತವೆ. ಗಳಿಗೆ ಎಲ್ಲಿಂದ ತರುತ್ತೀರಿ? ಕುದುರೆ ಈಯುವುದು ಹೆಚ್ಚಾಗಿ ರಾತ್ರಿ, ಅದೂ ಯಾರೂ ಇಲ್ಲದ ಹೊತ್ತು ನೋಡಿ. ಮೊಲೆ ತುದಿಯಲ್ಲಿ ಮೇಣದಂಥ ಹನಿ ಗಟ್ಟಿಯಾದರೆ ಇವತ್ತೋ ನಾಳೆಯೋ ಅಂತ ಆಳು ಕಾದು ಕೂರುತ್ತಾನೆ. ಟೀ ಕುಡಿದು ಬರುವಷ್ಟರಲ್ಲಿ ಒದ್ದೆ ಮರಿ ಹುಲ್ಲಿನ ಮೇಲೆ ಮಲಗಿರುತ್ತದೆ.

ಹುಟ್ಟಿದ ತಿಂಗಳು ಲೆಕ್ಕಕ್ಕೆ ಬರುವ ಜಾಗ ಒಂದಿದೆ. ಎರಡು ವರ್ಷದ ಕುದುರೆಗಳ ಬೇಲಿಯಿಲ್ಲದ ಓಟ. ಒಂದನೇ ಕ್ಲಾಸಿನಲ್ಲಿ ಜೂನ್‌ನಲ್ಲಿ ಹುಟ್ಟಿದ ಮಗುವಿನ ಪಕ್ಕ ಮುಂದಿನ ಮೇನಲ್ಲಿ ಹುಟ್ಟಿದ್ದು ಕೂತ ಹಾಗೆ, ಜನವರಿ ಮರಿಯ ಎದುರು ಮೇ ಮರಿ ಇನ್ನೂ ಎಳಸು. ನ್ಯಾಷನಲ್‌ಗೆ ಏಳು ವರ್ಷ ತುಂಬದೆ ಪ್ರವೇಶವಿಲ್ಲ. ಅಷ್ಟು ಹೊತ್ತಿಗೆ ಆ ವ್ಯತ್ಯಾಸ ಅಳಿಸಿಹೋಗಿರುತ್ತದೆ.

ಕಟ್ಟಲೇಬೇಕೆಂದರೆ ನೋಡಬೇಕಾದ್ದು ಬೇರೆ. ಓಟ ಸುಮಾರು 6.9 ಕಿಲೋಮೀಟರ್, 30 ಬೇಲಿ. ಮೂರು ಮೈಲಿಗಿಂತ ಜಾಸ್ತಿ ದೂರದಲ್ಲಿ ಗೆದ್ದಿದೆಯಾ? ಹೆಸರಿನ ಮುಂದಿನ ಹಳೇ ಫಲಿತಾಂಶದ ಸಾಲಿನಲ್ಲಿ ಎಫ್ ಇದ್ದರೆ ಬಿದ್ದಿದೆ, ಯು ಇದ್ದರೆ ಜಾಕಿಯನ್ನು ಕೆಡವಿದೆ, ಪಿ ಇದ್ದರೆ ಜಾಕಿಯೇ ಅರ್ಧಕ್ಕೆ ನಿಲ್ಲಿಸಿದ್ದಾನೆ. ಇವು ಸಾಲಾಗಿ ಕಂಡರೆ ನಾನಂತೂ ಮುಂದಿನ ಹೆಸರಿಗೆ ಹೋಗುತ್ತೇನೆ. ಕೆಸರು ನೆಲದಲ್ಲಿ ಓಡುತ್ತದಾ, ಜಾಕಿ, ಜೀನು ಸೇರಿ ಮೇಲೆ ಹೊರುವ ಭಾರ ಎಷ್ಟು, ಅದನ್ನೂ ನೋಡಿ. ಭಾರ ಜಾಸ್ತಿ ಅಂತಲೇ ತಳ್ಳಿಹಾಕಬೇಡಿ. 1974ರಲ್ಲಿ ರೆಡ್ ರಮ್ 12 ಸ್ಟೋನ್, ಅಂದರೆ 76 ಕೆಜಿ ಹೊತ್ತು ಗೆದ್ದಿತ್ತು.

ಇಷ್ಟು ನೋಡಿದ ಮೇಲೂ 1967ರಂಥದ್ದು ಆಗಬಹುದು. 23ನೇ ಬೇಲಿ, ಚಿಕ್ಕ ಬೇಲಿ. ಜಾಕಿಯಿಲ್ಲದ ಒಂದು ಕುದುರೆ ಅಡ್ಡ ತಿರುಗಿತು. ಹಿಂದಿದ್ದವೆಲ್ಲ ಒಂದರ ಮೇಲೊಂದು ಬಿದ್ದು, ನಿಂತು, ರಾಡಿಯಾಯಿತು. ಫಾಯ್ನಾವನ್ ಎಂಬ ಕುದುರೆ ತೀರಾ ಹಿಂದಿತ್ತು. ಹಾಗಾಗಿ ಅದರ ಜಾಕಿಗೆ ಸಂದು ಹುಡುಕಿ ದಾಟಲು ಸಮಯ ಸಿಕ್ಕಿತು. ಒಂದಕ್ಕೆ ನೂರರ ಬೆಲೆಯಲ್ಲಿ ಗೆದ್ದಿತು. ನಾನು ಕುದುರೆ ಬಾಲಕ್ಕೆ ಪೈಸೆಯನ್ನೂ ಕಟ್ಟದಿರುವುದು ಇದಕ್ಕೇ. ನೀವು ಆ ಹತ್ತು ಪೌಂಡ್‌ಗೆ ನಿಲ್ಲಿಸಿ.

ಪ್ರಶ್ನೆ: ವಾಟ್ಸಾಪ್‌ನಲ್ಲಿ ಒಬ್ಬ ಗುರೂಜಿ ಕುದುರೆಯ ಜಾತಕ ನೋಡಿ ಟಿಪ್ಸ್ ಕೊಡುತ್ತಾರೆ. ಹೋದ ಸಲ ಸರಿಯಾಗಿತ್ತಂತೆ. ಐದು ಸಾವಿರ ಕೇಳುತ್ತಿದ್ದಾರೆ.

ಕೊಡಬೇಡಿ. ಈಗ ನ್ಯಾಷನಲ್‌ನಲ್ಲಿ ಹೆಚ್ಚೆಂದರೆ 34 ಕುದುರೆ. ಒಂದೊಂದು ಗುಂಪಿಗೆ ಒಂದೊಂದು ಹೆಸರು ಕಳಿಸಿದರೆ ಯಾವುದೋ ಒಂದು ಗುಂಪಿಗೆ ಗೆದ್ದದ್ದು ಹೋಗಿಯೇ ಹೋಗಿರುತ್ತದೆ. ನಿಮಗೆ ಬಂದದ್ದು ಆ ಗುಂಪಿನ ಸ್ಕ್ರೀನ್‌ಶಾಟ್. ಗೆಲ್ಲುವ ಕುದುರೆ ಗೊತ್ತಿದ್ದವನಿಗೆ ನಿಮ್ಮ ಐದು ಸಾವಿರ ಯಾಕೆ ಬೇಕು ಸ್ವಾಮಿ?

ಪ್ರಶ್ನೆ: ನನ್ನ ಅದೃಷ್ಟ ಸಂಖ್ಯೆ 7. ಆ ನಂಬರಿನ ಕುದುರೆ ಆಗಬಹುದೇ?

ಇಂಥ ಓಟದಲ್ಲಿ ನಂಬರ್ ಕೊಡುವುದು ಭಾರದ ಕ್ರಮದಲ್ಲಿ. ಹೆಚ್ಚು ಭಾರದ್ದು 1. ನಿಮ್ಮ ಅದೃಷ್ಟ ಏಳನೇ ಭಾರದ ಮೂಟೆ, ಅಷ್ಟೇ.

ಪ್ರಶ್ನೆ: ಓಟಕ್ಕೆ ಮುಂಚೆ ಲದ್ದಿ ಹಾಕಿದ ಕುದುರೆ ಹಗುರಾಗಿ ಗೆಲ್ಲುತ್ತದೆ ಎನ್ನುತ್ತಾರೆ?

ಅರ್ಧ ಟನ್ ತೂಗುವ ಪ್ರಾಣಿ ದಿನಕ್ಕೆ ಹತ್ತು ಸಲ ಲದ್ದಿ ಹಾಕುತ್ತದೆ. ಗುಲಾಬಿ ಗಿಡ ಇದ್ದರೆ ಬುಡಕ್ಕೆ ಹಾಕಿಕೊಳ್ಳಿ.