"ಆರಾಮ ಅದೀನಿ" ಅನ್ನೋದನ್ನ ಎಷ್ಟು ನಂಬಬಹುದು?

ಸರ್ವೆಯವರು "ನಿಮ್ಮ ಆರೋಗ್ಯ ಹೇಗಿದೆ" ಅಂತ ಕೇಳ್ತಾರೆ, ಜನ "ಚೆನ್ನಾಗಿದೆ" ಅಂತಾರೆ, ಆ ಉತ್ತರಕ್ಕೆ ಬೆಲೆ ಇದೆಯಾ ಅಂತ ಕೇಳಿದ್ದೀರಿ. ಅರ್ಧ ಇದೆ.

ಸಿಂಧನೂರಿನಲ್ಲಿ ನನ್ನದೊಂದು ಮೆಡಿಕಲ್ ಶಾಪ್ ಇದೆ. ಕೌಂಟರ್ ಮೇಲೆ ಬಿಪಿ ಮಷಿನ್ ಇಟ್ಟಿದ್ದೇನೆ. ಹೋದ ಸುಗ್ಗಿಯಲ್ಲಿ ಹಮಾಲಿ ಮಾಡುವವರೊಬ್ಬರು ತಲೆನೋವಿನ ಗುಳಿಗೆ ಕೇಳಿಕೊಂಡು ಬಂದರು. ಬೇರೇನಾದರೂ ತೊಂದರೆ ಇದೆಯಾ ಅಂದೆ. "ನನಗೇನಾಗ್ಯಾದ್ರಿ, ಗುಂಡಕಲ್ಲಿನಂಗ ಅದೀನಿ" ಅಂದರು. ಸುಮ್ನೆ ತೋಳಿಗೆ ಪಟ್ಟಿ ಸುತ್ತಿ ನೋಡಿದರೆ 180/110! ಗುಳಿಗೆ ಕೊಡದೆ ಡಾಕ್ಟರ್ ಹತ್ತಿರ ಓಡಿಸಿದೆ.

ಅವರೇನೂ ಸುಳ್ಳು ಹೇಳಲಿಲ್ಲ. ಬೆಳಿಗ್ಗೆಯಿಂದ ಭತ್ತದ ಚೀಲ ಹೊತ್ತಿದ್ದರು. ನಮ್ಮ ಕಡೆ ಆರಾಮ ಅಂದರೆ ಕೆಲಸಕ್ಕೆ ಹೋಗುವಂತಿದ್ದೇನೆ ಅಂತ, ಅಷ್ಟೇ. ಬಿಪಿ, ಸಕ್ಕರೆ ನೋವಿಲ್ಲದೆ ಏರುತ್ತವೆ, ಲೆಕ್ಕಕ್ಕೆ ಬರಲ್ಲ. ನೋವಿದ್ದರೂ ಎಷ್ಟೋ ಸಲ ಬರಲ್ಲ. ಭತ್ತ ನಾಟಿ ಮಾಡುವ ಹೆಂಗಸರನ್ನು ಕೇಳಿ, ಸೊಂಟ ನೋವು ಅವರಿಗೆ ಜಡ್ಡೇ ಅಲ್ಲ.

ಹಾಗಾಗಿ ಒಂದು ಊರನ್ನು ಇನ್ನೊಂದರ ಜೊತೆ ಹೋಲಿಸೋಕೆ ಈ ಉತ್ತರ ನಂಬಬೇಡಿ. ಅರ್ಥಶಾಸ್ತ್ರಜ್ಞ ಅಮರ್ತ್ಯ ಸೇನ್ 2002ರಲ್ಲಿ ಇದನ್ನೇ ಬರೆದಿದ್ದರು. ಬಿಹಾರದವರಿಗಿಂತ ಜಾಸ್ತಿ ವರ್ಷ ಬದುಕುವುದು ಕೇರಳದವರು. ಕಾಯಿಲೆ ಇದೆ ಅಂತ ಜಾಸ್ತಿ ಹೇಳಿಕೊಳ್ಳುವವರೂ ಅವರೇ. ಓದು ಬಲ್ಲವರು, ಹತ್ತಿರದಲ್ಲಿ ಆಸ್ಪತ್ರೆ ಇದೆ, ಯಾವುದು ಕಾಯಿಲೆ ಅಂತ ಗೊತ್ತಿದೆ. ಅಮೆರಿಕದವರು ಹೇಳಿಕೊಳ್ಳುವುದು ಇನ್ನೂ ಜಾಸ್ತಿಯಂತೆ.

ಹಾಗಂತ ಪೂರ್ತಿ ತಳ್ಳಿಹಾಕೋ ಹಾಗೂ ಇಲ್ಲ. 1997ರಲ್ಲಿ ಐಡ್ಲರ್, ಬೆನ್ಯಾಮಿನಿ ಅನ್ನೋ ಇಬ್ಬರು ಸಂಶೋಧಕರು 27 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ತಮ್ಮ ಆರೋಗ್ಯ ಸರಿಯಿಲ್ಲ ಅಂದವರು ಮುಂದೆ ಬೇಗ ತೀರಿಕೊಂಡಿದ್ದು ಹೆಚ್ಚಿನವುಗಳಲ್ಲಿ ಕಂಡಿತ್ತು. ಗೊತ್ತಿದ್ದ ಕಾಯಿಲೆಗಳನ್ನು ಲೆಕ್ಕಕ್ಕೆ ಹಿಡಿದ ಮೇಲೂ! ಊಟ ಸೇರುತ್ತಾ, ನಿದ್ದೆ ಬರುತ್ತಾ, ಹೋದ ವರ್ಷದಷ್ಟು ನಡೆಯೋಕಾಗುತ್ತಾ ಅನ್ನೋದು ಅವರವರಿಗೇ ಗೊತ್ತು ಅಲ್ವಾ? ಮಷಿನ್‌ಗೆ ಅದು ಸಿಗಲ್ಲ.

ಅದಕ್ಕೇ ಅಂಗಡಿಗೆ ಬಂದವರು "ಆರಾಮ" ಅಂದರೆ ನಾನು ಪಟ್ಟಿ ಸುತ್ತಿ ನೋಡುತ್ತೇನೆ. "ಯಾಕೋ ಆಗವಲ್ದು" ಅಂದರೆ, ಬಿಪಿ ಸರಿಯಿದ್ದರೂ ನಂಬುತ್ತೇನೆ. ನಮ್ಮವ್ವ ಕಲಿಸಿದ ಪಾಠ ಇದು. ಯಾವಾಗ ಕೇಳಿದರೂ ಆರಾಮ ಅನ್ನುತ್ತಿದ್ದವಳು ಒಂದು ದಿನ "ಮೈಯಾಗ ತ್ರಾಣ ಇಲ್ಲಪ್ಪಾ" ಅಂದಳು. ಜ್ವರ ಇಲ್ಲ, ನೋವಿಲ್ಲ. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 7, ಅಂದರೆ ರಕ್ತ ತೀರಾ ಕಡಿಮೆ. ಎರಡು ತಿಂಗಳಿಂದ ಮೆಟ್ಟಿಲು ಹತ್ತುವಾಗ ಏದುಸಿರು ಬರ್ತಿತ್ತಂತೆ.