ಮೊದಲು ಜರ್ಮನ್, ಆಮೇಲೆ ಟೆಕ್ನಾಲಜಿ

"ಅಕ್ಕ, ಜರ್ಮನಿಯ ಸ್ಟುಟ್‌ಗಾರ್ಟ್‌ಗೆ ಬಂದು ಎರಡು ತಿಂಗಳಾಯಿತು. ದಿನಾ ಕಾರು ಕಂಪನಿಗಳಲ್ಲಿ ಕೆಲಸ ಹೋಗುವ ಸುದ್ದಿಯೇ. ಯಾವ ಹೊಸ ಟೆಕ್ನಾಲಜಿ ಕಲಿತರೆ ಇಲ್ಲಿ ಉಳಿಯಬಹುದು?" ಅಂತ ಕೇಳಿದ್ದೀರಿ.

ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ನಾನು 2012ರಲ್ಲಿ ಬಂದಿದ್ದು ಡೀಸೆಲ್ ಎಂಜಿನ್ನಿನ ಸಾಫ್ಟ್‌ವೇರ್ ಟೆಸ್ಟ್ ಮಾಡುವ ಕೆಲಸಕ್ಕೆ. ರಿಟೈರ್ ಆಗುವವರೆಗೂ ಇದೇ ಕೆಲಸ ಅಂದುಕೊಂಡಿದ್ದೆ. 2015ರಲ್ಲಿ ಡೀಸೆಲ್ ಹಗರಣ, ಅಂದರೆ ಫೋಕ್ಸ್‌ವ್ಯಾಗನ್ ಕಂಪನಿ ಹೊಗೆ ಪರೀಕ್ಷೆಯಲ್ಲಿ ಮಾಡಿದ ಮೋಸ, ಹೊರಬಿತ್ತು. ನಿಧಾನವಾಗಿ ಹಣವೆಲ್ಲ ಎಲೆಕ್ಟ್ರಿಕ್ ಕಾರಿನ ಕಡೆ ಹರಿಯಿತು. 2019ರಲ್ಲಿ ನಮ್ಮ ತಂಡವನ್ನೇ ಮುಚ್ಚಿದರು.

ಬ್ಯಾಟರಿ ವಿಷಯ ಕಲಿಯೋದು ಅಷ್ಟೇನೂ ಕಷ್ಟವಾಗಲಿಲ್ಲ. ಟೆಸ್ಟ್ ಮಾಡುವ ಕ್ರಮ ಗೊತ್ತಿತ್ತು, ನಾಲ್ಕು ತಿಂಗಳು ಕೂತು ಓದಿದೆ. ನಾನು ಎಡವಿದ್ದು ಇಂಟರ್‌ವ್ಯೂಗಳಲ್ಲಿ. ಏಳು ವರ್ಷ ಇಲ್ಲೇ ಇದ್ದರೂ, ನನ್ನ ಕೆಲಸ ಏನು ಅಂತ ಜರ್ಮನ್‌ನಲ್ಲಿ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಆಫೀಸಿನಲ್ಲಿ ಎಲ್ಲ ಇಂಗ್ಲಿಷ್ ಆಗಿದ್ದರಿಂದ ಅದರ ಕೊರತೆಯೇ ಗೊತ್ತಾಗಿರಲಿಲ್ಲ.

ಇಂಗ್ಲಿಷ್ ನಡೆಯುವುದು ದೊಡ್ಡ ಕಂಪನಿಗಳಲ್ಲಿ, ಅಲ್ವಾ? ಅವು ಕಷ್ಟಕ್ಕೆ ಬಿದ್ದರೆ ಎಲ್ಲವೂ ಒಟ್ಟಿಗೇ ಬೀಳುತ್ತವೆ. ಆದರೆ ಸ್ಟುಟ್‌ಗಾರ್ಟ್ ಇರುವ ಈ ರಾಜ್ಯದ ತುಂಬ ಯಂತ್ರ, ಸೆನ್ಸರ್, ಪಂಪು ತಯಾರಿಸುವ ಮಧ್ಯಮ ಗಾತ್ರದ ಕಂಪನಿಗಳಿವೆ. ಟುಟ್‌ಲಿಂಗನ್ ಅನ್ನೋ ಪುಟ್ಟ ಊರನ್ನೇ ನೋಡಿ, ಆಪರೇಷನ್ನಿಗೆ ಬೇಕಾದ ಉಪಕರಣಗಳಿಗೆ ಜಗತ್ತಿಗೇ ಹೆಸರಾಗಿದೆ. ಇಂಥ ಕಡೆ ಮೀಟಿಂಗು, ಡಾಕ್ಯುಮೆಂಟು, ಊಟದ ಹೊತ್ತಿನ ಮಾತು ಹೆಚ್ಚಾಗಿ ಜರ್ಮನ್‌ನಲ್ಲೇ. ಆ ಭಾಷೆ ಬಂದರೆ ನಿಮ್ಮ ಮುಂದಿರುವ ಬಾಗಿಲುಗಳು ಎಷ್ಟೋ ಪಟ್ಟು ಜಾಸ್ತಿಯಾಗುತ್ತವೆ. ನನಗೆ ಕೊನೆಗೆ ಕೆಲಸ ಸಿಕ್ಕಿದ್ದೂ ಅಂಥದ್ದೇ ಒಂದು ಕಂಪನಿಯಲ್ಲಿ, ಬಿ1, ಅಂದರೆ ಮಧ್ಯಮ ಮಟ್ಟದ ಜರ್ಮನ್ ಪರೀಕ್ಷೆ ಮುಗಿಸಿದ ಮೇಲೆ.

ನೀವು ಹೊರದೇಶದ ನುರಿತ ಕೆಲಸಗಾರರಿಗೆ ಕೊಡುವ ಬ್ಲೂ ಕಾರ್ಡ್ ಪರವಾನಗಿಯ ಮೇಲೆ ಬಂದಿದ್ದರೆ ಇನ್ನೊಂದು ಕಾರಣವೂ ಇದೆ. ಬಿ1 ಇದ್ದರೆ 21 ತಿಂಗಳ ಕೆಲಸದ ನಂತರ ಕಾಯಂ ವಾಸದ ಪರವಾನಗಿಗೆ ಅರ್ಜಿ ಹಾಕಬಹುದು, ಬರೀ ಎ1, ಅಂದರೆ ಆರಂಭದ ಮಟ್ಟ ಇದ್ದರೆ 27 ತಿಂಗಳು. ಅದು ಕೈಗೆ ಬಂದರೆ, ಕೆಲಸ ಹೋದರೂ ದೇಶದಲ್ಲಿ ಇರುವ ಹಕ್ಕು ಉಳಿಯುತ್ತದೆ. ಆ ನೆಮ್ಮದಿ ಎಂಥದ್ದು ಅಂತ ನಾನು ಕಂಡಿದ್ದೇನೆ.

ಕೆಲವು ವಿಷಯ ಈಗಲೇ ತಿಳಿದಿರಲಿ. ಪ್ರೊಬೆಟ್ಸೈಟ್, ಅಂದರೆ ಕೆಲಸದ ಪರೀಕ್ಷಾ ಅವಧಿಯಲ್ಲಿ, ಸಾಮಾನ್ಯವಾಗಿ ಮೊದಲ ಆರು ತಿಂಗಳು, ಎರಡು ವಾರದ ನೋಟಿಸಿನಲ್ಲಿ ಕೆಲಸದಿಂದ ತೆಗೆಯಬಹುದು. ನೋಟಿಸ್ ಬಂದರೆ ಮೂರು ದಿನದೊಳಗೆ ಸರ್ಕಾರಿ ಉದ್ಯೋಗ ಕಚೇರಿಯಾದ ಅರ್ಬೈಟ್ಸ್ ಅಗೆಂಟೂರ್‌ನಲ್ಲಿ ಹೆಸರು ನೋಂದಾಯಿಸಿ. ತಡ ಮಾಡಿದರೆ ನಿರುದ್ಯೋಗ ಭತ್ಯೆಗೆ ಕತ್ತರಿ ಬೀಳುತ್ತದೆ. ಹಿಂದಿನ 30 ತಿಂಗಳಲ್ಲಿ 12 ತಿಂಗಳು ನಿರುದ್ಯೋಗ ವಿಮೆ ಕಟ್ಟಿದ್ದರೆ ಆ ಭತ್ಯೆ ಸಿಗುತ್ತದೆ, ಕೈಗೆ ಬರುವ ಸಂಬಳದ ಸುಮಾರು ಶೇ. 60, ಮಕ್ಕಳಿದ್ದರೆ ಶೇ. 67. ನೋಟಿಸ್ ತಪ್ಪು ಅನ್ನಿಸಿದರೆ ಕೋರ್ಟಿಗೆ ಹೋಗಲು ಇರೋದು ಮೂರೇ ವಾರ. ಮ್ಯಾನೇಜರ್ ಬದಲಾಗುವಾಗೆಲ್ಲ ಟ್ಸ್ವಿಷನ್‌ಟ್ಸೊಯ್ಗ್‌ನಿಸ್ ಕೇಳಿ ಇಟ್ಟುಕೊಳ್ಳಿ. ಅದು ಕೆಲಸದಲ್ಲಿ ಇರುವಾಗಲೇ ಕೊಡುವ ಪ್ರಮಾಣಪತ್ರ. ನಿಮ್ಮ ಕೆಲಸ ಕಂಡವರು ಹೋದ ಮೇಲೆ ಹೊಸಬರು ಏನಂತ ಬರೆಯುತ್ತಾರೆ ಹೇಳಿ?

ಟೆಕ್ನಾಲಜಿಯನ್ನೂ ಬಿಡಬೇಡಿ. ಆದರೆ ಅದಕ್ಕೆ ವಾರಕ್ಕೊಂದು ದಿನ ಸಾಕು. ಮಿಕ್ಕ ಸಂಜೆಗಳನ್ನು ಭಾಷೆಗೆ ಕೊಡಿ. ನಿಮ್ಮ ಊರಿನಲ್ಲೇ ವಯಸ್ಕರಿಗಾಗಿ ನಡೆಸುವ ಸಾರ್ವಜನಿಕ ಶಾಲೆ, ಫೋಕ್ಸ್‌ಹೋಖ್‌ಶೂಲೆ ಇರುತ್ತದೆ, ಶುಲ್ಕ ಖಾಸಗಿ ಶಾಲೆಗಳಿಗಿಂತ ಕಡಿಮೆ. ಮೊದಲು ಅಲ್ಲಿ ನಿಮ್ಮ ಮಟ್ಟ ಪರೀಕ್ಷೆ ಮಾಡಿಸಿಕೊಳ್ಳಿ. ಯಾವ ತರಗತಿ ಸಿಕ್ಕಿತು ಅಂತ ನನಗೆ ತಿಳಿಸಿ, ನನ್ನ ಹಳೆಯ ಪುಸ್ತಕಗಳಿವೆ, ಕೊಡುತ್ತೇನೆ.