ಫ್ಲೂ ಸೂಜಿಯೊಳಗಿನ ಮೂರು ಹೆಸರು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಫ್ಲೂ ಲಸಿಕೆಯ ಬಗ್ಗೆಯೇ ಇವೆ. ನಾನು 22 ವರ್ಷ ಫ್ಲೂ ವೈರಸ್ ಪರೀಕ್ಷಿಸುವ ಲ್ಯಾಬ್‌ನಲ್ಲಿ ಕೆಲಸ ಮಾಡಿದವಳು. ನೀವು ಕೇಳಿದ್ದರಲ್ಲಿ ಕೆಲವು ಪ್ರಶ್ನೆಗಳನ್ನು ನಾನೂ ಕೆಲಸಕ್ಕೆ ಸೇರಿದ ಮೊದಲ ವಾರ ಕೇಳಿದ್ದೆ. ಆದ್ದರಿಂದ ಬಿಡಿಸಿ ಹೇಳುತ್ತೇನೆ.

ಪ್ರಶ್ನೆ: ವರ್ಷ ತಪ್ಪದೆ ಫ್ಲೂ ಲಸಿಕೆ ಹಾಕಿಸಿಕೊಳ್ಳುತ್ತೇನೆ. ಆದರೂ ಒಂದು ವರ್ಷ ಎಂಟು ದಿನ ಜ್ವರದಲ್ಲಿ ಮಲಗಿದೆ. ‘ಈ ಸಲ ತಳಿ ಹೊಂದಲಿಲ್ಲ’ ಅಂದರು ಡಾಕ್ಟರು. ಹಾಗಿದ್ದರೆ ಹೊಂದುವ ತಳಿಯನ್ನೇ ಹಾಕಬಹುದಿತ್ತಲ್ಲ?
— ಒಬ್ಬ ನಿವೃತ್ತ ಮೇಷ್ಟ್ರು

ಉತ್ತರ: ಮೇಷ್ಟ್ರೇ, ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ಒಂದು ಕ್ಯಾಲೆಂಡರ್ ಮುಂದೆ ಇಟ್ಟುಕೊಳ್ಳಿ. ಉತ್ತರ ಗೋಳಾರ್ಧದ ಚಳಿ ದೇಶಗಳಲ್ಲಿ ಲಸಿಕೆ ಹಾಕುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅದರೊಳಗೆ ಯಾವ ತಳಿ ಇರಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಹೇಳುವುದು ಫೆಬ್ರುವರಿಯಲ್ಲಿ. ದಕ್ಷಿಣ ಗೋಳಾರ್ಧಕ್ಕೆ ಏಪ್ರಿಲ್ ಹೊತ್ತಿಗೆ ಲಸಿಕೆ ಬೇಕು. ಅದರ ತೀರ್ಮಾನ ಹಿಂದಿನ ಸೆಪ್ಟೆಂಬರ್‌ನಲ್ಲೇ ಆಗಿರುತ್ತದೆ. ನಡುವೆ ಆರೇಳು ತಿಂಗಳು. ಅಷ್ಟರಲ್ಲಿ ವೈರಸ್ ಸುಮ್ನೆ ಕೂತಿರುವುದಿಲ್ಲ.

ಆ ಆರು ತಿಂಗಳು ಎಲ್ಲಿ ಹೋಗುತ್ತದೆ ಎಂದು ಕೇಳುತ್ತೀರಿ. ಹೆಚ್ಚಿನ ಫ್ಲೂ ಲಸಿಕೆ ಇಂದಿಗೂ ಕೋಳಿಮೊಟ್ಟೆಯಲ್ಲಿ ತಯಾರಾಗುತ್ತದೆ. ಮನುಷ್ಯನ ಮೂಗಿನಿಂದ ತೆಗೆದ ವೈರಸ್ ಮೊಟ್ಟೆಯಲ್ಲಿ ಅಷ್ಟು ಚೆನ್ನಾಗಿ ಬೆಳೆಯುವುದಿಲ್ಲ. ಅದಕ್ಕೆ ಎ ಗುಂಪಿನ ತಳಿಗಳನ್ನು (ಮನುಷ್ಯರ ಫ್ಲೂನಲ್ಲಿ ಎ, ಬಿ ಎಂದು ಎರಡು ಮುಖ್ಯ ಗುಂಪು), 1934ರಲ್ಲಿ ಪೋರ್ಟೊ ರಿಕೊದಲ್ಲಿ ಸಿಕ್ಕ ಒಂದು ಹಳೆಯ ವೈರಸ್ ಜೊತೆ ಬೆರೆಸುತ್ತಾರೆ. ಮೊಟ್ಟೆಯಲ್ಲಿ ಹುಲುಸಾಗಿ ಬೆಳೆಯುವ ಗುಣ ಹಳೆಯದರಿಂದ ಬರುತ್ತದೆ. ಮೈಮೇಲಿನ ಪ್ರೋಟೀನು ಹೊಸದರಿಂದ. ಆ ಬೀಜ ವೈರಸ್ ಸರಿಯಾಗಿದೆಯೇ ಎಂದು ನೋಡಬೇಕು. ಆಮೇಲೆ ಕಾರ್ಖಾನೆಗೆ ಕಳಿಸಬೇಕು. ಅಲ್ಲಿ ಕಾವಿಗಿಟ್ಟು ಹತ್ತು ದಿನವಾದ ಮೊಟ್ಟೆಗಳಿಗೆ ಒಂದೊಂದಾಗಿ ವೈರಸ್ ಚುಚ್ಚುತ್ತಾರೆ. ಚುಚ್ಚುವ ಮೊದಲು ಮೊಟ್ಟೆಯ ಹಿಂದೆ ದೀಪ ಹಿಡಿದು ನೋಡುವ ಕ್ರಮವಿದೆ. ಚಿಪ್ಪಿನೊಳಗೆ ಕೆಂಪು ರಕ್ತನಾಳಗಳು ಕವಲೊಡೆದು ಹಬ್ಬಿರುತ್ತವೆ, ನಡುವೆ ಕಪ್ಪಗೆ ಪುಟ್ಟ ಕಣ್ಣು. ಜೀವ ಇದೆ ಅಂತ ಅರ್ಥ. ಅಂಥ ಮೊಟ್ಟೆ ಲಕ್ಷಗಟ್ಟಲೆ ಬೇಕು. ಎರಡು ಮೂರು ದಿನ ಬಿಟ್ಟು ಒಳಗಿನ ದ್ರವ ತೆಗೆದು, ವೈರಸ್ ಕೊಂದು, ಶುದ್ಧಮಾಡಿ, ಅಳತೆ ನೋಡಿ ಸೀಸೆಗೆ ತುಂಬುವಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತದೆ.

ಈ ಅಂತರದಲ್ಲಿ ಎಡವಟ್ಟು ಆಗುವುದು ಹೇಗೆ ಎನ್ನುವುದಕ್ಕೆ 2014 ಒಳ್ಳೆಯ ಪಾಠ. ಆ ಫೆಬ್ರುವರಿಯಲ್ಲಿ ಉತ್ತರದ ಲಸಿಕೆಗೆ ಎ ಗುಂಪಿನ ಎಚ್3ಎನ್2 ಎಂಬ ಬಗೆಯಿಂದ ಆರಿಸಿದ್ದು ‘ಎ/ಟೆಕ್ಸಾಸ್/50/2012’ ತಳಿ. ಆಗ ಇದ್ದ ಮಾಹಿತಿಗೆ ಅದು ಸರಿಯಾದ ಆಯ್ಕೆಯೇ. ಮಾರ್ಚ್ ಕೊನೆಯಲ್ಲಿ ಸ್ವಲ್ಪ ಬೇರೆ ಥರದ ವೈರಸ್‌ಗಳು ಅಲ್ಲೊಂದು ಇಲ್ಲೊಂದು ಕಾಣಿಸಿದವು. ಮುಂದೆ ಅವು ಹೆಚ್ಚುತ್ತಲೇ ಹೋದವು. ಸೆಪ್ಟೆಂಬರ್‌ನಲ್ಲಿ ದಕ್ಷಿಣಕ್ಕೆ ತಳಿ ಆರಿಸುವಾಗ ಟೆಕ್ಸಾಸ್ ಕೈಬಿಟ್ಟು ‘ಎ/ಸ್ವಿಟ್ಜರ್ಲೆಂಡ್/9715293/2013’ ತೆಗೆದುಕೊಂಡರು. ಆದರೆ ಉತ್ತರದ ಲಸಿಕೆ ಅಷ್ಟು ಹೊತ್ತಿಗೆ ಸೀಸೆಗೆ ತುಂಬಿ ಆಗಿತ್ತು. ಬದಲಾಯಿಸಲು ದಾರಿಯೇ ಇರಲಿಲ್ಲ. ಆ ಚಳಿಗಾಲ ಅಮೆರಿಕದಲ್ಲಿ ಲಸಿಕೆ ತಡೆದದ್ದು ನೂರಕ್ಕೆ 19ರಷ್ಟು ಮಾತ್ರ. ತಳಿ ಚೆನ್ನಾಗಿ ಹೊಂದಿದ ವರ್ಷಗಳಲ್ಲಿ ಇದು 40ರಿಂದ 60 ಇರುತ್ತದೆ.

ಇನ್ನೊಂದು ಮಾತು. ಲಸಿಕೆಯಲ್ಲಿ ಇರುವುದು ಒಂದೇ ತಳಿಯಲ್ಲ. ಎಚ್1ಎನ್1, ಎಚ್3ಎನ್2, ಬಿ ಗುಂಪು, ಹೀಗೆ ಮೂರು. ಎಚ್3ಎನ್2 ಕೈಕೊಟ್ಟರೂ ಉಳಿದೆರಡು ತಮ್ಮ ಕೆಲಸ ಮಾಡುತ್ತವೆ. ಪೂರ್ತಿ ಹೊಂದದ ತಳಿಯೂ ಎಷ್ಟೋ ಜನರನ್ನು ಆಸ್ಪತ್ರೆಯಿಂದ ಉಳಿಸುತ್ತದೆ. ನೀವು ವಯಸ್ಸಾದವರು. ದಯವಿಟ್ಟು ಒಂದು ವರ್ಷದ ಸಿಟ್ಟಿಗೆ ಮುಂದಿನ ವರ್ಷದ ಸೂಜಿ ಬಿಡಬೇಡಿ.

ಪ್ರಶ್ನೆ: ‘ಹೊಂದುತ್ತದೆ’, ‘ಹೊಂದುವುದಿಲ್ಲ’ ಎಂದು ಹೇಗೆ ಗೊತ್ತಾಗುತ್ತದೆ? ಕಣ್ಣಿಗೆ ಕಾಣುವಂಥದ್ದೇ?
— ಪಿಯುಸಿ ವಿದ್ಯಾರ್ಥಿನಿ

ಉತ್ತರ: ಕಣ್ಣಿಗೇ ಕಾಣುತ್ತದೆ ಮಗಳೇ! ನನಗೆ ತುಂಬಾ ಇಷ್ಟವಾದ ಕೆಲಸ ಅದು.

ಅಂಗೈ ಅಗಲದ ಪ್ಲಾಸ್ಟಿಕ್ ಪ್ಲೇಟ್ ಊಹಿಸಿಕೊ. ಅದರಲ್ಲಿ 96 ಪುಟ್ಟ ಗುಳಿಗಳು. ಫ್ಲೂ ವೈರಸ್‌ನ ಮೈಮೇಲೆ ಹೀಮಗ್ಲೂಟಿನಿನ್ ಎಂಬ ಪ್ರೋಟೀನು ಮುಳ್ಳಿನ ಹಾಗೆ ಎದ್ದಿರುತ್ತದೆ. ಅದು ಕೆಂಪು ರಕ್ತಕಣಗಳಿಗೆ ಅಂಟಿ ಒಂದಕ್ಕೊಂದು ಹೆಣೆದುಬಿಡುತ್ತದೆ. ಹೆಣೆದುಕೊಂಡ ಕಣಗಳು ಗುಳಿಯ ತುಂಬ ತೆಳ್ಳನೆ ಪರದೆಯ ಹಾಗೆ ನಿಲ್ಲುತ್ತವೆ, ತಳಕ್ಕೆ ಇಳಿಯುವುದಿಲ್ಲ. ಇದನ್ನು 1941ರಲ್ಲಿ ಕಂಡುಹಿಡಿದವರು ಜಾರ್ಜ್ ಹರ್ಸ್ಟ್.

ಈಗ ಅದಕ್ಕೆ ಪ್ರತಿಕಾಯ (ವೈರಸ್ಸನ್ನು ಎದುರಿಸಲು ಮೈ ತಯಾರಿಸುವ ಪ್ರೋಟೀನು) ಇರುವ ಸೀರಮ್, ಅಂದರೆ ರಕ್ತಕಣ ಬೇರ್ಪಡಿಸಿದ ತಿಳಿ ದ್ರವ, ಸೇರಿಸು. ಪ್ರತಿಕಾಯ ವೈರಸ್ಸಿನ ಮುಳ್ಳುಗಳನ್ನು ಮೊದಲೇ ಹಿಡಿದುಕೊಂಡರೆ ರಕ್ತಕಣಗಳಿಗೆ ಬಿಡುಗಡೆ. ಅವು ಉರುಳಿ ತಳಕ್ಕೆ ಬಂದು ಕೆಂಪು ಬೊಟ್ಟಿನ ಹಾಗೆ ಕೂರುತ್ತವೆ. ಪ್ಲೇಟನ್ನು ಮೆಲ್ಲಗೆ ಓರೆಮಾಡಿದರೆ ಆ ಬೊಟ್ಟು ಕಣ್ಣೀರಿನ ಹನಿಯಂತೆ ಕೆಳಗೆ ಹರಿಯುತ್ತದೆ. ಹರಿದರೆ ಸೀರಮ್ ವೈರಸ್ಸನ್ನು ತಡೆದಿದೆ. ಹರಿಯದಿದ್ದರೆ ಇಲ್ಲ. ಒಂದು ಸಾಲಿನಲ್ಲಿ ಸೀರಮ್ಮನ್ನು ಅರ್ಧರ್ಧ ತೆಳು ಮಾಡುತ್ತಾ ಹೋಗುತ್ತೇವೆ: ಹತ್ತು ಪಾಲು, ಇಪ್ಪತ್ತು, ನಲವತ್ತು, ಎಂಬತ್ತು. ಎಲ್ಲಿಯವರೆಗೆ ಬೊಟ್ಟು ಹರಿಯುತ್ತದೆಯೋ ಅದೇ ಲೆಕ್ಕ.

ಸೀರಮ್ ಬರುವುದು ಫೆರೆಟ್ ಎಂಬ ಪ್ರಾಣಿಯಿಂದ. ಮುಂಗುಸಿಯ ಹಾಗೆ ಉದ್ದ ಮೈ. ಮನುಷ್ಯರ ಫ್ಲೂ ಅದಕ್ಕೂ ಬರುತ್ತದೆ, ನಮ್ಮ ಹಾಗೇ ಸೀನುತ್ತದೆ. 1933ರಲ್ಲಿ ಲಂಡನ್ನಿನಲ್ಲಿ ಮನುಷ್ಯರ ಫ್ಲೂ ವೈರಸ್ ಮೊದಲು ಸಿಕ್ಕಿದ್ದೂ ಫೆರೆಟ್‌ಗಳ ಸಹಾಯದಿಂದಲೇ. ಅದುವರೆಗೆ ಫ್ಲೂ ತಾಗದ ಫೆರೆಟ್‌ಗೆ ಲಸಿಕೆಯ ತಳಿ ತಗುಲಿಸಿದರೆ, ಅದರ ರಕ್ತದಲ್ಲಿ ಆ ಒಂದೇ ತಳಿಯ ನೆನಪು ಇರುತ್ತದೆ. ಆ ಸೀರಮ್ ತನ್ನ ತಳಿಯನ್ನು 1,280 ಪಾಲು ತೆಳುವಾದರೂ ತಡೆಯುತ್ತದೆ ಅಂತಿಟ್ಟುಕೊ. ಹೊಸ ವೈರಸ್ಸನ್ನು 640ರಲ್ಲೂ ತಡೆದರೆ ಎರಡೂ ಒಂದೇ ಥರ. 160ರವರೆಗೆ ಮಾತ್ರ ತಡೆದರೆ ಎಂಟು ಪಟ್ಟು ವ್ಯತ್ಯಾಸ. ಆಗ ‘ಇದು ಬೇರೆ’ ಎಂದು ಬರೆಯುತ್ತೇವೆ.

ಈಗೀಗ ಎಚ್3ಎನ್2 ವೈರಸ್‌ಗಳು ರಕ್ತಕಣಕ್ಕೆ ಸರಿಯಾಗಿ ಅಂಟುವುದಿಲ್ಲ. ಅವನ್ನು ಜೀವಕೋಶಗಳಲ್ಲಿ ಬೆಳೆಸಿ ನೋಡುತ್ತಾರೆ. ಜೀನ್‌ಗಳನ್ನೂ ಓದುತ್ತಾರೆ. ಲಸಿಕೆ ಹಾಕಿಸಿಕೊಂಡ ಮನುಷ್ಯರ ಸೀರಮ್ಮನ್ನೂ ಪರೀಕ್ಷಿಸುತ್ತಾರೆ, ಯಾಕೆಂದರೆ ಮನುಷ್ಯರ ಮೈಯಲ್ಲಿ ಹಳೆಯ ಎಷ್ಟೋ ಫ್ಲೂಗಳ ನೆನಪು ಇರುತ್ತದೆ. ಆದರೂ ಒಂದು ತಳಿ ದೂರ ಸರಿಯುವುದನ್ನು ಸಾಲು ಸಾಲು ಬೊಟ್ಟುಗಳಲ್ಲಿ ನೋಡಿದ ದಿನ ನನಗೆ ಮರೆಯುವುದಿಲ್ಲ. ಹಿಂದಿನ ತಿಂಗಳು ಸಾಲಿನ ಕೊನೆಯವರೆಗೂ ಹರಿಯುತ್ತಿದ್ದದ್ದು ಅರ್ಧಕ್ಕೇ ನಿಂತಿತ್ತು. ಕೈ ತಪ್ಪಿರಬೇಕು ಎಂದುಕೊಂಡು ಮತ್ತೆ ಮಾಡಿದೆ. ಮತ್ತೆ ಅಲ್ಲೇ ನಿಂತಿತು.

ಪ್ರಶ್ನೆ: ಮಗಳು ದಕ್ಷಿಣ ಗೋಳಾರ್ಧದ ದೇಶದಲ್ಲಿದ್ದಾಳೆ. ನಾವಿಬ್ಬರೂ ಜೂನ್‌ನಲ್ಲಿ ಹೋಗುತ್ತಿದ್ದೇವೆ. ಹೋದ ಅಕ್ಟೋಬರ್‌ನಲ್ಲಿ ಉತ್ತರದ ಲಸಿಕೆ ಹಾಕಿಸಿಕೊಂಡಿದ್ದೇವೆ. ಅಷ್ಟು ಸಾಲದೇ?
— ಒಬ್ಬ ತಾಯಿ

ಉತ್ತರ: ಸಾಲುವುದು ಕಷ್ಟ. ಜೂನ್ ಎಂದರೆ ಅಲ್ಲಿ ಚಳಿಗಾಲದ ಬಾಗಿಲು, ಫ್ಲೂ ಏರುವ ಹೊತ್ತು. ನಿಮ್ಮ ಲಸಿಕೆಗೆ ಎಂಟು ತಿಂಗಳಾಗಿರುತ್ತದೆ. ಅದರ ಬಲ ತಿಂಗಳಿಂದ ತಿಂಗಳಿಗೆ ಕುಗ್ಗುತ್ತದೆ.

ತಳಿಯ ವಿಷಯಕ್ಕೆ ಬಂದರೆ, ಎರಡೂ ಲಸಿಕೆಗಳು ಕೆಲವು ಸಲ ಒಂದೇ, ಕೆಲವು ಸಲ ಬೇರೆ. 2024ರ ದಕ್ಷಿಣದ ಮೊಟ್ಟೆ ಲಸಿಕೆ, ಅದೇ ವರ್ಷ ಶುರುವಾದ ಉತ್ತರದ ಲಸಿಕೆ, ಎರಡಕ್ಕೂ ಮೂರೂ ಹೆಸರು ಒಂದೇ ಇದ್ದವು. 2025ರ ದಕ್ಷಿಣದ ಲಸಿಕೆಯಲ್ಲಿ ಎಚ್3ಎನ್2 ಬದಲಾಯಿತು. ಥಾಯ್ಲೆಂಡ್ ಹೆಸರಿನ ತಳಿ ಹೋಗಿ ಕ್ರೊಯೇಷಿಯಾ ಹೆಸರಿನದು ಬಂತು. 1998ರವರೆಗೆ ಇಡೀ ಜಗತ್ತಿಗೆ ವರ್ಷಕ್ಕೊಂದೇ ತೀರ್ಮಾನ ಇತ್ತು. ಆ ವರ್ಷದಿಂದ ದಕ್ಷಿಣಕ್ಕೇ ಅಂತ ಬೇರೆ ಸಭೆ ನಡೆಯುತ್ತಿದೆ. ನನ್ನ ಲೆಕ್ಕದಲ್ಲಿ ಅದು ಬಹಳ ಹಿಂದೆಯೇ ಆಗಬೇಕಿತ್ತು. ಅರ್ಧ ಭೂಮಿಯವರು ತಮ್ಮ ಚಳಿಗಾಲಕ್ಕೆ ಬೇರೆಯವರ ಚಳಿಗಾಲದ ಲಸಿಕೆ ಹಾಕಿಸಿಕೊಳ್ಳುತ್ತಿದ್ದರು, ಅಲ್ವಾ?

ದಕ್ಷಿಣದ ಲಸಿಕೆ ಉತ್ತರದ ದೇಶಗಳಲ್ಲಿ ಸಿಗುವುದು ಅಪರೂಪ. ಹೊರಡುವ ಮೊದಲು ನಿಮ್ಮ ಡಾಕ್ಟರನ್ನು ಕೇಳಿ. ಸಿಗದಿದ್ದರೆ ಮಗಳಿಗೆ ಹೇಳಿ, ನೀವು ಇಳಿದ ವಾರವೇ ಅಲ್ಲಿ ಹಾಕಿಸಲಿ. ಬಲ ಬರಲು ಎರಡು ವಾರ ಬೇಕು. ಅಷ್ಟು ದಿನ ಜನ ಕಿಕ್ಕಿರಿದ ಕಡೆ ಮಾಸ್ಕ್ ಹಾಕಿ. ವಾಪಸ್ ಬಂದ ಮೇಲೆ ನಿಮ್ಮ ಚಳಿಗಾಲಕ್ಕೆ ಉತ್ತರದ ಹೊಸ ಲಸಿಕೆಯನ್ನು ಬಿಡದೆ ಹಾಕಿಸಿಕೊಳ್ಳಿ.

ಪ್ರಶ್ನೆ: ಭೂಮಧ್ಯರೇಖೆಯ ಹತ್ತಿರ ಚಳಿಗಾಲವೇ ಇಲ್ಲವಲ್ಲ. ಅಲ್ಲಿಯವರಿಗೆ ಯಾವ ಲಸಿಕೆ?
— ಭೂಗೋಳ ಕಲಿಸುವ ಶಿಕ್ಷಕ

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ಬಿಸಿಲಿನ ದೇಶಗಳಲ್ಲಿ ಫ್ಲೂ ವರ್ಷವಿಡೀ ಸಣ್ಣಗೆ ಇರುತ್ತದೆ. ಹಲವು ಕಡೆ ಮಳೆಗಾಲದಲ್ಲಿ ಏರುತ್ತದೆ, ಕೆಲವು ಕಡೆ ವರ್ಷಕ್ಕೆ ಎರಡು ಸಲ. ಹಾಗಾಗಿ ಗೋಳದ ಗೆರೆ ನೋಡಿ ಲಸಿಕೆ ಆರಿಸಿದರೆ ಕೆಲಸ ಕೆಡುತ್ತದೆ. ಥಾಯ್ಲೆಂಡ್ ಪೂರ್ತಿ ಉತ್ತರ ಗೋಳಾರ್ಧದಲ್ಲಿದೆ. ಅವರು ಹಾಕುವುದು ದಕ್ಷಿಣದ ಲಸಿಕೆ, ಮೇ ತಿಂಗಳಿನಿಂದ. ಮಳೆಯ ಜೊತೆ ಫ್ಲೂ ಏರುವ ಮೊದಲು ಕೈಗೆ ಸಿಗುವ ಹೊಸ ಲಸಿಕೆ ಅದೇ. ಬ್ರೆಜಿಲ್‌ನಲ್ಲಿ ಉತ್ತರ ಭಾಗದ ಫ್ಲೂ ದಕ್ಷಿಣ ಭಾಗಕ್ಕಿಂತ ತಿಂಗಳುಗಳ ಮೊದಲೇ ಬರುತ್ತದೆ. ಒಂದೇ ದೇಶಕ್ಕೆ ಒಂದೇ ತಾರೀಕು ಸರಿಹೊಂದುವುದಿಲ್ಲ. ಫ್ಲೂ ಏರುವ ತಿಂಗಳು ಯಾವುದು ಎಂದು ಮೊದಲು ತಿಳಿಯಬೇಕು. ಅದಕ್ಕೆ ಸ್ವಲ್ಪ ಮುಂಚೆ ಯಾವುದು ಹೊಸದೋ ಅದನ್ನು ಹಾಕಬೇಕು.

ಪ್ರಶ್ನೆ: ಪೆಟ್ಟಿಗೆಯ ಮೇಲೆ ಮೊದಲು ನಾಲ್ಕು ತಳಿ ಬರೆದಿರುತ್ತಿತ್ತು. ಈಗ ಮೂರೇ. ಉಳಿತಾಯ ಮಾಡಿದರೇ?

ಉತ್ತರ: ಇಲ್ಲ. ಬಿ ಗುಂಪಿನಲ್ಲಿ ಯಮಗಾಟ ಎಂಬ ಕವಲು ಇತ್ತು. ಮಾರ್ಚ್ 2020ರ ನಂತರ ಅದು ಜಗತ್ತಿನಲ್ಲಿ ಎಲ್ಲೂ ಹರಡುತ್ತಿರುವುದು ಖಚಿತವಾಗಿ ಕಂಡಿಲ್ಲ. ಇಲ್ಲದ ವೈರಸ್‌ಗೆ ಲಸಿಕೆ ಯಾಕೆ ಎಂದು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಅದನ್ನು ಬಿಡಲು ಹೇಳಿದರು.

ಪ್ರಶ್ನೆ: ಡಾರ್ವಿನ್, ಆಸ್ಟ್ರಿಯಾ ಅಂತೆಲ್ಲ ಯಾಕೆ ಬರೆದಿರುತ್ತಾರೆ? ಲಸಿಕೆ ಅಲ್ಲಿ ತಯಾರಾದದ್ದೇ?
— ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಯುವಕ

ಉತ್ತರ: ತಯಾರಾದ ಊರಲ್ಲ, ವೈರಸ್ ಸಿಕ್ಕ ಊರು. ‘ಎ/ಡಾರ್ವಿನ್/9/2021’ ಅಂದರೆ ಎ ಗುಂಪು, ಆಸ್ಟ್ರೇಲಿಯಾದ ಡಾರ್ವಿನ್‌ನಲ್ಲಿ ಸಿಕ್ಕಿದ್ದು, ಲ್ಯಾಬ್ ಕೊಟ್ಟ ಸಂಖ್ಯೆ 9, ವರ್ಷ 2021. ಇದು ಮೊಟ್ಟೆ ಲಸಿಕೆಗೆ. ಕೋಶಗಳಲ್ಲಿ ಬೆಳೆಸುವ ಲಸಿಕೆಗೆ ‘ಡಾರ್ವಿನ್/6’ ಆರಿಸಿದ್ದರು. ಎರಡು ಬೇರೆ ಯಾಕೆ ಎಂದರೆ, ಮೊಟ್ಟೆಯಲ್ಲಿ ಬೆಳೆಯುವಾಗ ವೈರಸ್ ಮೊಟ್ಟೆಗೆ ಒಗ್ಗಿಕೊಳ್ಳುತ್ತದೆ. ಆಗ ಮುಳ್ಳಿನ ಆಕಾರವೂ ಕೊಂಚ ಬದಲಾಗಬಹುದು. ಆರಿಸಿದ ತಳಿ ಸರಿಯಿದ್ದರೂ ಸೀಸೆಯೊಳಗೆ ಬಂದದ್ದು ತುಸು ಬೇರೆಯಾಗಿರುವ ಅಪಾಯ ಇದೆ, ಎಚ್3ಎನ್2ನಲ್ಲಿ ಜಾಸ್ತಿ.

ಪ್ರಶ್ನೆ: ಮಗುವಿಗೆ ಜ್ವರ ಬಂದಾಗ ಮೂಗಿಗೆ ಕಡ್ಡಿ ಹಾಕಿ ಸ್ಯಾಂಪಲ್ ತೆಗೆದರು. ‘ಇದು ಫ್ಲೂ ಪತ್ತೆ ಜಾಲಕ್ಕೆ’ ಅಂದರು. ಮಗು ತುಂಬಾ ಅತ್ತಿತು. ಒಪ್ಪಬೇಕಿತ್ತೇ?
— ಎರಡು ವರ್ಷದ ಮಗುವಿನ ಅಮ್ಮ

ಉತ್ತರ: ಅಮ್ಮಾ, ನೀವು ಒಪ್ಪಿದ್ದಕ್ಕೆ ನಾನು ಋಣಿ. ಮೇಲೆ ಬರೆದ ಎಲ್ಲದರ ಬುಡ ಆ ಕಡ್ಡಿ. 1952ರಿಂದ ಈ ಜಾಲ ನಡೆಯುತ್ತಿದೆ. ನೂರಕ್ಕೂ ಹೆಚ್ಚು ದೇಶಗಳ ಲ್ಯಾಬ್‌ಗಳು ಮೂಗಿನ ಸ್ಯಾಂಪಲ್ ನೋಡಿ, ಆಯ್ದ ವೈರಸ್‌ಗಳನ್ನು ಅಟ್ಲಾಂಟಾ, ಲಂಡನ್, ಮೆಲ್ಬರ್ನ್, ಟೋಕಿಯೊ, ಬೀಜಿಂಗ್‌ನಂಥ ಕೇಂದ್ರಗಳಿಗೆ ಕಳಿಸುತ್ತವೆ. ಉತ್ತರದ ಚಳಿಗಾಲಕ್ಕೆ ಏನು ಬರಬಹುದು ಎಂಬ ಸುಳಿವು ದಕ್ಷಿಣದ ಮಕ್ಕಳ ಮೂಗಿನಿಂದ ಸಿಗುತ್ತದೆ. ದಕ್ಷಿಣಕ್ಕೆ ಉತ್ತರದ ಮಕ್ಕಳಿಂದ.

ಒಂದು ವರ್ಷ ನಮ್ಮ ಲ್ಯಾಬ್‌ಗೆ ದೂರದಿಂದ ಒಂದು ಪೆಟ್ಟಿಗೆ ಬರಬೇಕಿತ್ತು. ಸಾಗಿಸುವವರು ಅದನ್ನು ವಾರಾಂತ್ಯದಲ್ಲಿ ಎಲ್ಲೋ ಇಟ್ಟು ಮರೆತರು. ಸೋಮವಾರ ತೆರೆದಾಗ ಒಳಗಿನ ಐಸ್ ಪ್ಯಾಕ್‌ಗಳು ಬೆಚ್ಚಗಿದ್ದವು. ಮೂಗಿನ ಕಡ್ಡಿ ಅದ್ದಿಟ್ಟ ದ್ರವ ಗುಲಾಬಿ ಬಣ್ಣದ್ದು. ಕೆಟ್ಟರೆ ಹಳದಿಗೆ ತಿರುಗುತ್ತದೆ. ಪುಟ್ಟ ಬಾಟಲಿಗಳನ್ನು ಒಂದೊಂದೇ ಬೆಳಕಿಗೆ ಹಿಡಿದೆ. ಹಳದಿ, ಹಳದಿ, ಹಳದಿ. ಆ ಊರಿನಿಂದ ಆ ತಿಂಗಳು ಬಂದದ್ದು ಅದೊಂದೇ ಪೆಟ್ಟಿಗೆ. ಅಲ್ಲಿ ಆಗ ಯಾವ ವೈರಸ್ ಓಡಾಡುತ್ತಿತ್ತು ಎನ್ನುವುದು ನಮ್ಮ ಪಟ್ಟಿಗೆ ಸೇರಲೇ ಇಲ್ಲ. ಕೊನೆಯ ಸಾಲಿನಲ್ಲಿ ಎರಡು ಬಾಟಲಿ ಮಾತ್ರ ಇನ್ನೂ ಗುಲಾಬಿಯಾಗಿದ್ದವು. ಅವೆರಡನ್ನು ಎತ್ತಿಕೊಂಡು ಒಳಗೆ ಓಡಿದೆ.